ಮಳೆಯಲ್ಲಿ ಓಡಿದ ಜೀಪು ಮಳೆ ನಿಂತ ಮೇಲೆ ಯಾಕೆ ಕೈಕೊಡುತ್ತೆ?

ಸೀಸನ್ ಶುರುವಾಗುವ ಮುಂಚೆ ಜೀಪು, ಪಿಕಪ್, ಬೈಕ್‌ಗಳಲ್ಲಿ ಏನೇನು ನೋಡಿಸಬೇಕು? ಇಲ್ಲಿದೆ ಮಾಹಿತಿ

ಚಿಕ್ಕಮಗಳೂರು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಲ್ಲೂ ಹಳ್ಳದಲ್ಲೂ ಓಡಿ ಏನೂ ಆಗದ ಜೀಪು, ದಸರಾ ರಜೆಯಲ್ಲಿ ಪ್ರವಾಸಿಗರನ್ನು ಹತ್ತಿಸಿಕೊಂಡು ಏರು ಹತ್ತುವಾಗ ‘ಟಕ್’ ಅಂತ ಶಬ್ದ ಮಾಡಿ ನಿಂತುಬಿಡುತ್ತೆ. ಇಂಥ ಹೊತ್ತಲ್ಲಿ ಡ್ರೈವರ್ ಬಾಯಿಂದ ಬರೋ ಮಾತು ಒಂದೇ: ನಿನ್ನೆವರೆಗೂ ಚೆನ್ನಾಗೇ ಇತ್ತಲ್ಲ!

ನಿಜ ಹೇಳಬೇಕೆಂದರೆ ಗಾಡಿ ನಿನ್ನೆಯೂ ಚೆನ್ನಾಗಿರಲಿಲ್ಲ. ನಾಲ್ಕು ತಿಂಗಳ ಮಳೆಯಲ್ಲಿ ಒಳಗೆ ಸೇರಿದ ನೀರು ಮತ್ತು ಕೆಸರು ಗ್ರೀಸ್ ತೊಳೆದು, ಬೇರಿಂಗ್ ತುಕ್ಕು ಹಿಡಿಸಿ, ಆಯಿಲ್ ಕೆಡಿಸಿರುತ್ತೆ. ಮಳೆಗಾಲದಲ್ಲಿ ಬಾಡಿಗೆ ಕಡಿಮೆ, ಲೋಡ್ ಕಡಿಮೆ. ಹಾಗಾಗಿ ಗೊತ್ತಾಗಲ್ಲ. ಮಳೆ ನಿಂತು ಪ್ರವಾಸಿಗರು ಬರುತ್ತಾರೆ, ಹಿಂದೆಯೇ ಅರೇಬಿಕಾ ಕೊಯ್ಲು ಶುರುವಾಗುತ್ತೆ. ಅದೇ ಗಾಡಿಗೆ ಒಂದೇ ಸಲ ಪೂರ್ತಿ ಭಾರ ಬಿದ್ದಾಗ ಒಳಗೊಳಗೇ ಸವೆದಿದ್ದ ಭಾಗ ಮುರಿಯುತ್ತೆ.

ಕಳಸ ತಾಲ್ಲೂಕಿನ ಕ್ಯಾತನಮಕ್ಕಿ, ಅತ್ತಿಗುಂಡಿ ಕಡೆಯ ಝರಿ ಫಾಲ್ಸ್, ಕೆಮ್ಮಣ್ಣುಗುಂಡಿ ಬಳಿಯ ಹೆಬ್ಬೆ ಫಾಲ್ಸ್, ಈ ಎಲ್ಲ ಕಡೆಗೂ ಪ್ರವಾಸಿಗರು ಜೀಪನ್ನೇ ನೆಚ್ಚಿಕೊಂಡಿದ್ದಾರೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಭಾಗದ ಎಷ್ಟೋ ತೋಟಗಳ ಮನೆಗೆ ಸಾಮಾನು, ಕೂಲಿಯವರು, ಕಾಯಿಲೆಯವರು ಹೋಗಿಬರೋದೂ ಇದೇ ಗಾಡಿಗಳಲ್ಲಿ. ಇಲ್ಲಿ ಗಾಡಿ ಕೆಟ್ಟರೆ ಒಂದು ದಿನದ ದುಡಿಮೆ ಹೋಗುತ್ತೆ. ಇಳಿಜಾರಿನಲ್ಲಿ ಕೆಟ್ಟರೆ ಜೀವವೇ ಹೋಗಬಹುದು.

ಹೌಸಿಂಗ್ ಒಳಗೆ ನೀರು ಹೇಗೆ ಹೋಗುತ್ತೆ?

ಹಿಂದಿನ ಆಕ್ಸಲ್ ಮಧ್ಯೆ ಕಾಣುವ ಉಂಡೆಯಂಥ ಭಾಗವೇ ಡಿಫರೆನ್ಷಿಯಲ್ ಹೌಸಿಂಗ್. ಕ್ರೌನ್, ಪಿನಿಯನ್ ಅದರೊಳಗೆ ಗೇರ್ ಆಯಿಲ್‌ನಲ್ಲಿ ಮುಳುಗಿ ತಿರುಗುತ್ತವೆ. ಗಾಡಿ ಏರು ಹತ್ತಿ ಬಂದಾಗ ಇದು ಚೆನ್ನಾಗಿ ಬಿಸಿಯಾಗಿರುತ್ತೆ. ಅದೇ ಬಿಸಿಯಲ್ಲಿ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ತಕ್ಷಣ ಕುಗ್ಗಿ, ಹೊರಗಿನಿಂದ ಗಾಳಿ ಎಳೆದುಕೊಳ್ಳಲು ನೋಡುತ್ತೆ.

ಇದಕ್ಕೆಂದೇ ಹೌಸಿಂಗ್ ಮೇಲೆ ಬ್ರೀದರ್ ಅಂತ ಒಂದು ಸಣ್ಣ ಮುಚ್ಚಳ ಅಥವಾ ಪೈಪ್ ಇರುತ್ತೆ. ಕೆಸರು ಮೆತ್ತಿ ಅದು ಮುಚ್ಚಿಕೊಂಡಿದ್ದರೆ, ಅಥವಾ ಅದೇ ನೀರಲ್ಲಿ ಮುಳುಗಿದ್ದರೆ, ಗಾಳಿಗೆ ದಾರಿ ಇರಲ್ಲ. ಆಗ ಆಯಿಲ್ ಸೀಲ್ ಅಂಚಿನಿಂದ ನೀರು ಒಳಗೆ ಹೀರಿಕೊಳ್ಳುತ್ತೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ.

ನೀರು ಸೇರಿದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತೆ. ಅದಕ್ಕೆ ಗೇರ್ ಹಲ್ಲುಗಳ ನಡುವೆ ನಿಲ್ಲುವ ಶಕ್ತಿ ಇರಲ್ಲ. ಹಲ್ಲು ಸವೆಯುತ್ತೆ, ಬೇರಿಂಗ್ ತುಕ್ಕು ಹಿಡಿಯುತ್ತೆ, ಕೊನೆಗೆ ಗಾಡಿ ಹೋಗುವಾಗ ಹಿಂದಿನಿಂದ ‘ಗುಂಯ್’ ಅನ್ನೋ ಶಬ್ದ ಶುರುವಾಗುತ್ತೆ. ಶಬ್ದ ಬಂತು ಅಂದರೆ ಖರ್ಚು ದೊಡ್ಡದೇ.

ಬ್ರೀದರ್ ಮುಚ್ಚಿದ್ದರೆ ಇನ್ನೊಂದು ಅಪಾಯವೂ ಇದೆ. ಬಿಸಿಯಾದಾಗ ಒಳಗಿನ ಒತ್ತಡ ಹೆಚ್ಚಾಗಿ ಆಯಿಲ್ ಸೀಲ್ ದಾಟಿ ಹೊರಬರುತ್ತೆ. ಆ ಆಯಿಲ್ ಹಿಂದಿನ ಬ್ರೇಕ್ ಡ್ರಮ್ ಒಳಗೆ ಸೇರಿದರೆ ಆ ಚಕ್ರಕ್ಕೆ ಬ್ರೇಕ್ ಹಿಡಿಯಲ್ಲ. ಕೆಸರು ತೆಗೆದರೆ ಸರಿಹೋಗುತ್ತಿದ್ದ ಒಂದು ಸಣ್ಣ ಮುಚ್ಚಳದಿಂದ ಕಥೆ ಬ್ರೇಕ್‌ವರೆಗೆ ಬಂತು ನೋಡಿ.

ಪರೀಕ್ಷೆ ಸುಲಭ. ರಾತ್ರಿ ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಓಡಿಸುವ ಮುಂಚೆ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿರುತ್ತೆ. ಇದ್ದರೆ ಮೊದಲು ನೀರೇ ಬರುತ್ತೆ. ಹಾಲು ಬಣ್ಣದ ಆಯಿಲ್ ಬಂದರೂ ಪೂರ್ತಿ ಬದಲಿಸಬೇಕು. ಡ್ರೈನ್ ಬೋಲ್ಟ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪುಡಿ ಹತ್ತಿದ್ದರೆ ಭಯ ಬೇಡ, ಅದು ಸಾಮಾನ್ಯ ಸವಕಳಿ. ಕಬ್ಬಿಣದ ಚೂರು ಸಿಕ್ಕರೆ ಮಾತ್ರ ಹೌಸಿಂಗ್ ಬಿಚ್ಚಿಸಲೇಬೇಕು.

ವಾಟರ್ ಸರ್ವಿಸ್ ಮಾಡಿಸಿದ್ದೇ ತಪ್ಪಾಯ್ತಾ?

ಕೆಸರು ತೊಳೆಸೋದು ಒಳ್ಳೆಯದೇ. ಆದರೆ ವಾಟರ್ ಸರ್ವಿಸ್‌ನಲ್ಲಿ ಜೋರು ಪ್ರೆಷರ್ ಇರುವ ಗನ್ ಅನ್ನು ಹತ್ತಿರದಿಂದ ಬೇರಿಂಗ್, ಆಯಿಲ್ ಸೀಲ್, ಜಾಯಿಂಟ್ ಕ್ರಾಸ್‌ಗೆ ಹಿಡಿದರೆ ಹಳ್ಳದ ನೀರು ಮಾಡದ ಕೆಲಸವನ್ನು ಆ ನೀರು ಮಾಡುತ್ತೆ. ಸೀಲ್ ತಡೆಯೋದು ಹೊರಗಿನಿಂದ ತಾಗುವ ಸಾಮಾನ್ಯ ನೀರನ್ನು. ಗನ್‌ನ ಹೊಡೆತ ತಡೆಯೋಕೆ ಅದನ್ನು ಮಾಡಿಲ್ಲ.

ಗನ್ ದೂರ ಹಿಡಿಯಲು ಹೇಳಿ. ತೊಳೆಸಿದ ದಿನವೇ ಗ್ರೀಸ್ ಹೊಡೆಸಿ. ಹಳೇ ಗ್ರೀಸ್ ಜೊತೆ ಕಂದು ನೀರು ಹೊರಬಂದು, ಹೊಸ ಗ್ರೀಸ್ ಕಾಣುವವರೆಗೂ ಹೊಡೆಯಬೇಕು. ಲೆಕ್ಕಕ್ಕೆ ಎರಡು ಸಲ ಒತ್ತಿ ಬಿಟ್ಟರೆ ಒಳಗಿನ ನೀರು ಅಲ್ಲೇ ಉಳಿಯುತ್ತೆ.

ಜಾಯಿಂಟ್ ಕ್ರಾಸ್, ವೀಲ್ ಬೇರಿಂಗ್: ಮೊದಲೇ ಸೂಚನೆ ಕೊಡುತ್ತವೆ

ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಶಕ್ತಿ ಒಯ್ಯೋದು ಪ್ರೊಪೆಲ್ಲರ್ ಶಾಫ್ಟ್. ಅದರ ತುದಿಯ ಕ್ರಾಸ್ ಒಳಗೆ ಸೂಜಿಯಂಥ ಸಣ್ಣ ರೋಲರ್‌ಗಳಿರುತ್ತವೆ. ಗ್ರೀಸ್ ತೊಳೆದುಹೋದರೆ ಇವು ತುಕ್ಕು ಹಿಡಿದು ಪುಡಿಯಾಗುತ್ತವೆ. ಕ್ಲಚ್ ಬಿಟ್ಟಾಗ ಕೆಳಗಿನಿಂದ ‘ಟಕ್’ ಅನ್ನೋದು, ನಿಧಾನ ಹೋಗುವಾಗ ‘ಟಿಕ್ ಟಿಕ್’ ಅನ್ನೋದು, ಕ್ರಾಸ್ ಕಪ್ ಸುತ್ತ ಕೆಂಪು ಪುಡಿ ಕಾಣೋದು, ಇವೇ ಸೂಚನೆ. ಓಡುವಾಗ ಕ್ರಾಸ್ ಮುರಿದರೆ ಶಾಫ್ಟ್ ಕೆಳಗೆ ಬಿದ್ದು ಬೀಸುತ್ತೆ. ಬ್ರೇಕ್ ಪೈಪ್, ಡೀಸೆಲ್ ಪೈಪ್ ಏನು ಸಿಕ್ಕಿದರೂ ಹರಿಯುತ್ತೆ.

ವೀಲ್ ಬೇರಿಂಗ್ ನೋಡೋಕೆ ಚಕ್ರ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ನೋಡಿಸಬೇಕು. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಒಂದೇ ಚಕ್ರದ ಹಬ್ ಉಳಿದ ಮೂರಕ್ಕಿಂತ ಬಿಸಿ ಇದ್ದರೆ ಬೇರಿಂಗ್ ಒಣಗಿದೆ, ವಿಪರೀತ ಬಿಗಿಯಾಗಿದೆ, ಇಲ್ಲವೇ ಆ ಚಕ್ರದ ಬ್ರೇಕ್ ಬಿಡದೆ ಹಿಡಿದುಕೊಂಡಿದೆ ಅಂತ ಅರ್ಥ. ಬಿಸಿ ನೋಡುವಾಗ ಅಂಗೈ ಊರಬೇಡಿ, ಸುಟ್ಟುಕೊಳ್ಳುತ್ತೀರಿ. ಹತ್ತಿರ ಹಿಡಿದರೆ ಸಾಕು.

ಕಮಾನ್ ಪಟ್ಟಿ ಮುರಿಯೋದು ಗುಂಡಿಯಿಂದ ಮಾತ್ರವಲ್ಲ

ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿದಿರೋದು ಯು ಬೋಲ್ಟ್. ಅದು ಸಡಿಲವಾದರೆ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ಮೇಲೆ ಪೂರ್ತಿ ಎಳೆತ ಬಿದ್ದು ಅದು ತುಂಡಾಗುತ್ತೆ. ಆಗ ಆಕ್ಸಲ್ ಜಾಗ ಬಿಟ್ಟು ಜಾರುತ್ತೆ, ಗಾಡಿ ನೇರ ಓಡಿಸಿದರೂ ಒಂದು ಕಡೆಗೆ ಎಳೆಯುತ್ತೆ. ಹೊಸ ಪಟ್ಟಿ ಹಾಕಿಸಿದವರು ಕೆಲವು ದಿನ ಓಡಿಸಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಸಲೇಬೇಕು. ಪಟ್ಟಿಗಳು ಕೂತ ಮೇಲೆ ಬೋಲ್ಟ್ ತಾನಾಗಿ ಸಡಿಲವಾಗುತ್ತೆ. ಬಹಳ ಜನ ಮರೆಯೋದು ಇದನ್ನೇ.

ಪಟ್ಟಿಯ ಮೇಲೆ ಅಡ್ಡಕ್ಕೆ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಒಂದು ಪಟ್ಟಿ ಹೋದರೆ ಅದರ ಭಾರ ಪಕ್ಕದ ಪಟ್ಟಿಗೆ ಬೀಳುತ್ತೆ, ಅದೂ ಹೆಚ್ಚು ದಿನ ಬಾಳಲ್ಲ. ಒಡೆದ ಪಟ್ಟಿಗೆ ವೆಲ್ಡಿಂಗ್ ಮಾಡಿಸೋದು ದುಡ್ಡು ದಂಡ. ಸ್ಪ್ರಿಂಗ್ ಉಕ್ಕಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಅದರ ಹದ ಕೆಟ್ಟು, ಪಕ್ಕದಲ್ಲೇ ಮತ್ತೆ ಮುರಿಯುತ್ತೆ.

ಫೋರ್ ವೀಲ್ ಹಾಕಿಕೊಂಡೇ ಟಾರ್ ರಸ್ತೆಗೆ ಬಂದರೆ?

ನಮ್ಮ ಕಡೆಯ ಬಹುತೇಕ ಜೀಪುಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡುತ್ತೆ. ಕೆಸರಲ್ಲಾದರೆ ಟೈರ್ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತೆ. ಒಣ ಟಾರ್ ಮೇಲೆ ಟೈರ್ ಜಾರಲ್ಲ. ಆ ತಿರುಚು ಎಲ್ಲ ಟ್ರಾನ್ಸ್‌ಫರ್ ಕೇಸ್, ಕ್ರಾಸ್, ಆಕ್ಸಲ್ ಮೇಲೆ ಕೂರುತ್ತೆ. ಸ್ಟೇರಿಂಗ್ ಗಟ್ಟಿಯಾಗೋದು, ಲಿವರ್ ಎಳೆದರೂ ಫೋರ್ ವೀಲ್ ಬಿಡದಿರೋದು ಇದರಿಂದಲೇ. ಹಾಗೆ ಸಿಕ್ಕಿಕೊಂಡರೆ ಬಲವಂತ ಮಾಡದೆ, ನೇರವಾಗಿ ಸ್ವಲ್ಪ ರಿವರ್ಸ್ ತೆಗೆದುಕೊಂಡು ಲಿವರ್ ಎಳೆಯಿರಿ. ಟಾರ್ ರಸ್ತೆ ಬರುವ ಮುಂಚೆಯೇ ತೆಗೆಯೋದು ರೂಢಿಯಾಗಲಿ.

ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಒಳಗೆ ಹೋದರೆ?

ಮುಖ್ಯ ವಿಷಯ ಇದೇ. ಜೀಪು ಬೆಟ್ಟ ಹತ್ತದೆ ನಿಂತರೆ ಜನ ಇಳಿದು ನಡೆಯಬಹುದು. ಇಳಿಯುವಾಗ ಬ್ರೇಕ್ ಹೋದರೆ ಯೋಚನೆ ಮಾಡೋಕೂ ಸಮಯ ಇರಲ್ಲ.

ಒಂದೇ ಸಮನೆ ಬ್ರೇಕ್ ಒತ್ತಿಕೊಂಡು ಇಳಿದರೆ ಡ್ರಮ್, ಡಿಸ್ಕ್, ಲೈನರ್ ಎಲ್ಲ ಕಾದು ಹಿಡಿತ ಕಡಿಮೆಯಾಗುತ್ತೆ. ಆ ಬಿಸಿ ಬ್ರೇಕ್ ಆಯಿಲ್‌ಗೂ ಹೋಗುತ್ತೆ. ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿನ ತೇವ ಹೀರುವ ಗುಣ ಇದೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4 ಆದರೆ 230 ಮತ್ತು 155. ಆಯಿಲ್ ಕುದಿದರೆ ಪೈಪ್ ಒಳಗೆ ಆವಿಯ ಗುಳ್ಳೆ ಏಳುತ್ತೆ. ಪೆಡಲ್ ಒತ್ತಿದಾಗ ಗುಳ್ಳೆ ಕುಗ್ಗುತ್ತೆ ಅಷ್ಟೇ, ಚಕ್ರಕ್ಕೆ ಬ್ರೇಕ್ ಮುಟ್ಟಲ್ಲ. ಮಲೆನಾಡಿನ ಮಳೆಗಾಲದ ತೇವದಲ್ಲಿ ಎರಡು ವರ್ಷಕ್ಕಿಂತ ಹಳೆಯ ಬ್ರೇಕ್ ಆಯಿಲ್ ಇಟ್ಟುಕೊಂಡು ಘಾಟಿ ಇಳಿಯೋದು ಸರಿಯಲ್ಲ.

ಉಪಾಯ ಹಳೆಯದೇ: ಹತ್ತಿದ ಗೇರ್‌ನಲ್ಲೇ ಇಳಿಯಬೇಕು. ಕಡಿದಾದ ಕಚ್ಚಾ ದಾರಿಯಲ್ಲಿ ಫೋರ್ ವೀಲ್ ಲೋ, ಫಸ್ಟ್ ಗೇರ್. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ, ಬ್ರೇಕ್ ಬೇಕಾದಾಗ ಮಾತ್ರ.

ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ, ಎಂಜಿನ್ ಆಫ್ ಮಾಡಿ ಇಳಿಸುವವರು ಈಗಲೂ ಇದ್ದಾರೆ. ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ಆಫ್ ಆದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬೂಸ್ಟರ್ ಸಹಾಯ ಮುಗಿಯುತ್ತೆ. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಪವರ್ ಸ್ಟೇರಿಂಗ್ ಇದ್ದರೆ ಅದೂ ಬಿಗಿಯಾಗುತ್ತೆ. ಉಳಿಯೋದು ಚಹಾದ ಕಾಸು, ಹೋಗೋದು ಜೀವ.

ಅಕಸ್ಮಾತ್ ಪೆಡಲ್ ಒಳಗೆ ಹೋದರೆ ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಕೆಳಗಿಳಿಸಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆಯಿರಿ. ಬೇರೆ ದಾರಿಯೇ ಇಲ್ಲದಿದ್ದರೆ ಗಾಡಿಯನ್ನು ಕಣಿವೆ ಕಡೆ ಬಿಡದೆ ಧರೆಗೆ ಒರೆಸಿ ನಿಲ್ಲಿಸಿ. ಬಾಡಿ ನೆಗ್ಗಿದರೆ ನೆಗ್ಗಲಿ. ಕಾದ ಡ್ರಮ್‌ಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತೆ. ತಾನಾಗಿ ಆರಲಿ.

ಹಳ್ಳ ದಾಟಿದ ಮೇಲೂ ಬ್ರೇಕ್ ನೆನೆದಿರುತ್ತೆ. ದಾಟಿದ ತಕ್ಷಣ ನಿಧಾನ ಹೋಗುತ್ತಾ ನಾಲ್ಕೈದು ಸಲ ಮೆಲ್ಲಗೆ ಒತ್ತಿದರೆ ಒಣಗುತ್ತೆ.

ನೀರಲ್ಲಿ ಎಂಜಿನ್ ಆಫ್ ಆಯ್ತು, ಸೆಲ್ಫ್ ಹೊಡೀಬೇಕಾ?

ಬೇಡ. ಏರ್ ಫಿಲ್ಟರ್ ಮೂಲಕ ಸಿಲಿಂಡರ್‌ಗೆ ನೀರು ಹೋಗಿರಬಹುದು. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸೋಕೆ ಆಗಲ್ಲ. ಸೆಲ್ಫ್ ಹೊಡೆದರೆ ಪಿಸ್ಟನ್ ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತೆ. ಗಾಡಿ ತಳ್ಳಿಸಿ ಅಥವಾ ಎಳೆಸಿ ಹೊರಗೆ ತಂದು, ಏರ್ ಫಿಲ್ಟರ್ ಬಿಚ್ಚಿ ನೋಡಿ. ಅದು ನೆನೆದಿದ್ದರೆ ಮೆಕ್ಯಾನಿಕ್ ಬರುವವರೆಗೂ ಕೀ ಮುಟ್ಟಬೇಡಿ. ನೀರು ನುಗ್ಗಿ ಎಂಜಿನ್ ಹೋದರೆ ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಸಿಗೋದು ಕಷ್ಟ. ಎಂಜಿನ್ ಪ್ರೊಟೆಕ್ಷನ್ ಸೇರಿಸಿದ್ದೀರಾ ಅಂತ ಪಾಲಿಸಿ ತೆಗೆದು ನೋಡಿಕೊಳ್ಳಿ.

ಬೈಕ್‌ನವರಿಗೂ ಇದೇ ಪಾಠ

ಬೆಂಗಳೂರಿನಿಂದ ಬರುವ ಅಡ್ವೆಂಚರ್ ಬೈಕ್‌ಗಳಿರಲಿ, ತೋಟದಲ್ಲಿ ಓಡುವ ಹಳೇ ಬೈಕ್ ಇರಲಿ, ಕಚ್ಚಾ ದಾರಿಯಲ್ಲಿ ಕೈಕೊಡುವ ಭಾಗಗಳು ಹೆಚ್ಚುಕಡಿಮೆ ಒಂದೇ.

ಮೊದಲನೆಯದು ಚೈನ್. ಕೆಸರಿನ ಮರಳು ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಉಪ್ಪುಕಾಗದದಂತೆ ಕೆಲಸ ಮಾಡುತ್ತೆ. ಸಡಿಲ ಚೈನ್ ಕಳಚುತ್ತೆ ಅಂತ ಬಿಗಿ ಮಾಡುವವರೇ ಹೆಚ್ಚು. ಆದರೆ ಗುಂಡಿಯಲ್ಲಿ ಹಿಂದಿನ ಚಕ್ರ ಮೇಲೆ ಬಂದಾಗ ಚೈನ್ ಇನ್ನೂ ಬಿಗಿಯಾಗುತ್ತೆ. ಮೊದಲೇ ಬಿಗಿ ಇದ್ದರೆ ಎಳೆತ ಸ್ಪ್ರಾಕೆಟ್ ಬೇರಿಂಗ್ ಮೇಲೆ ಬೀಳುತ್ತೆ, ಚೈನ್ ತುಂಡಾಗಲೂಬಹುದು. ತುಂಡಾದ ಚೈನ್ ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಎಂಜಿನ್ ಕೇಸ್ ಒಡೆದ ಉದಾಹರಣೆಗಳಿವೆ. ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಸಡಿಲ ಇರಲೇಬೇಕು.

ಎರಡನೆಯದು ಚಕ್ರದ ಕಡ್ಡಿ. ಸಣ್ಣ ಸ್ಪ್ಯಾನರ್‌ನಿಂದ ಒಂದೊಂದನ್ನೇ ತಟ್ಟುತ್ತಾ ಬನ್ನಿ. ಬಿಗಿ ಇರೋದು ‘ಟಿಂಗ್’ ಅನ್ನುತ್ತೆ, ಸಡಿಲ ಇರೋದು ಸತ್ತ ಶಬ್ದ ಮಾಡುತ್ತೆ. ಒಂದು ಸಡಿಲವಾದರೆ ಅಕ್ಕಪಕ್ಕದವು ಅದರ ಭಾರ ಹೊತ್ತು ಮುರಿಯುತ್ತವೆ, ಆಮೇಲೆ ರಿಮ್ ಬೆಂಡ್.

ಮುಂದಿನ ಶಾಕ್‌ನ ಆಯಿಲ್ ಸೀಲ್ ಮೇಲೂ ಕಣ್ಣಿರಲಿ. ಒಣಗಿದ ಕೆಸರು ಶಾಕ್ ಒತ್ತಿದಾಗಲೆಲ್ಲ ಸೀಲ್ ಉಜ್ಜುತ್ತೆ. ಸೋರುವ ಆಯಿಲ್ ಮುಂದಿನ ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹೋಯ್ತು ಅಂತಲೇ. ಮಳೆ ನಿಂತ ಮೇಲೆ ಧೂಳು ಶುರು, ಏರ್ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಪೇಪರ್ ಫಿಲ್ಟರ್‌ಗೆ ಹೊರಗಿನಿಂದ ಗಾಳಿ ಹೊಡೆದರೆ ಧೂಳು ಇನ್ನೂ ಒಳಗೆ ಹೋಗುತ್ತೆ. ಒಳಗಿನಿಂದ ಹೊರಗೆ, ಅದೂ ಕಡಿಮೆ ಪ್ರೆಷರ್‌ನಲ್ಲಿ ಹೊಡೆಸಿ.

ಬೈಕ್ ಬಿದ್ದರೆ ಮೊದಲು ಮುರಿಯೋದು ಕ್ಲಚ್, ಬ್ರೇಕ್ ಲಿವರ್. ಒಂದೊಂದು ಸ್ಪೇರ್ ಬ್ಯಾಗಲ್ಲಿರಲಿ. ಹೊಸ ಕ್ಲಚ್ ಕೇಬಲ್ ಒಂದನ್ನು ಹಳೇ ಕೇಬಲ್ ಪಕ್ಕದಲ್ಲೇ ಎಳೆದು ಟ್ಯಾಗ್ ಹಾಕಿ ಬಿಟ್ಟರೆ, ಕಾಡಿನಲ್ಲಿ ಕೇಬಲ್ ತುಂಡಾದರೂ ಸ್ವಲ್ಪ ಹೊತ್ತಲ್ಲೇ ಮುಂದೆ ಹೊರಡಬಹುದು.

ದೊಡ್ಡ ಟೈರ್, ಓವರ್‌ಲೋಡ್, ವೈಟ್ ಬೋರ್ಡ್

ನೋಡೋಕೆ ಚೆಂದ ಅಂತ ದೊಡ್ಡ ಟೈರ್ ಹಾಕಿಸುವವರು ಹೆಚ್ಚಾಗಿದ್ದಾರೆ. ಟೈರ್ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಆಕ್ಸಲ್‌ಗೆ, ನಿಲ್ಲಿಸಲು ಬ್ರೇಕ್‌ಗೆ ಹೆಚ್ಚು ಶ್ರಮ. ಆಕ್ಸಲ್, ಬ್ರೇಕ್ ಹಳೆಯವೇ ಇರುತ್ತವೆ. ಆರ್‌ಸಿಯಲ್ಲಿ ಬರೆದಿದ್ದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದರೂ ಇದೇ ಕಥೆ.

ಬಾಡಿಗೆ ಗಾಡಿಗೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಆದರೆ ಜನವರಿಯಲ್ಲಿ ಎಫ್‌ಸಿ ಆದ ಗಾಡಿಯ ಹೌಸಿಂಗ್‌ಗೆ ಜುಲೈನಲ್ಲಿ ನೀರು ನುಗ್ಗಿದರೆ ಆ ಕಾಗದಕ್ಕೆ ಗೊತ್ತಾಗಲ್ಲ. ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಹೊಡೆಯುವಾಗ ಅಪಘಾತವಾದರೆ ಇನ್ಶೂರೆನ್ಸ್ ತಕರಾರು ಖಂಡಿತ. ಕೊನೆಗೆ ಹೊರೆ ಬೀಳೋದು ಮಾಲೀಕನ ಮನೆ ಮೇಲೆ.

ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೂ ಒಂದು ಮಾತು. ಬ್ರೇಕ್ ಲೈನರ್, ಜಾಯಿಂಟ್ ಕ್ರಾಸ್, ಬೇರಿಂಗ್‌ನಲ್ಲಿ ನಕಲಿ ಮಾಲು ಹೆಚ್ಚು. ಬಿಲ್ ಕೊಡಿ. ಗಿರಾಕಿಗಳೂ ಬಿಲ್ ಕೇಳಿ ಪಡೆಯಿರಿ. ಸೆಪ್ಟೆಂಬರ್ ಕೊನೆಗೆ ಆಯಿಲ್ ಸೀಲ್, ಕ್ರಾಸ್, ಬ್ರೇಕ್ ಆಯಿಲ್ ಸ್ಟಾಕ್ ಇಟ್ಟುಕೊಂಡರೆ ಅಂಗಡಿಗೂ ವ್ಯಾಪಾರ, ಗಾಡಿಯವರಿಗೂ ಊರಿಂದೂರಿಗೆ ಅಲೆಯೋದು ತಪ್ಪುತ್ತೆ.

ಸೀಸನ್‌ಗೆ ಮುಂಚೆ ಅರ್ಧ ದಿನದ ಕೆಲಸ

• ಮುಂದಿನ, ಹಿಂದಿನ ಹೌಸಿಂಗ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಆಯಿಲ್‌ನಲ್ಲಿ ನೀರು ಇದೆಯಾ ನೋಡಿಸಿ
• ಬ್ರೀದರ್ ಬಿಚ್ಚಿ ಸ್ವಚ್ಛ ಮಾಡಿಸಿ
• ನಾಲ್ಕೂ ಚಕ್ರ ಎತ್ತಿ ಬೇರಿಂಗ್ ಆಟ ನೋಡಿಸಿ
• ನಾಲ್ಕೂ ಚಕ್ರದ ಬ್ರೇಕ್ ಬಿಚ್ಚಿಸಿ: ಲೈನರ್ ಸವಕಳಿ, ಆಯಿಲ್ ಸೋರಿಕೆ, ಕೆಸರು
• ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಪೂರ್ತಿ ಬದಲಿಸಿ
• ಯು ಬೋಲ್ಟ್, ಸ್ಟೇರಿಂಗ್ ಜಾಯಿಂಟ್, ವೀಲ್ ನಟ್ ಬಿಗಿಸಿ
• ರೇಡಿಯೇಟರ್ ಜಾಲರಿಯ ಕೆಸರು ಮೆಲ್ಲಗೆ ತೊಳೆಸಿ
• ಎಲ್ಲ ಗ್ರೀಸ್ ನಿಪ್ಪಲ್‌ಗೂ ಹೊಸ ಗ್ರೀಸ್

ಇದಕ್ಕೆಲ್ಲ ಆಗುವ ಖರ್ಚು, ಒಂದು ಕ್ರೌನ್ ಪಿನಿಯನ್ ಬದಲಿಸುವ ಖರ್ಚಿನ ಮುಂದೆ ಚಿಲ್ಲರೆ. ಗಾಡಿ ನಿಂತ ದಿನಗಳ ಬಾಡಿಗೆ ನಷ್ಟ ಬೇರೆ.

ಹೋಂಸ್ಟೇಯವರು ಅತಿಥಿಗಳಿಗೆ ಜೀಪು ಗೊತ್ತು ಮಾಡಿಕೊಡುವಾಗ ರೇಟ್ ಎಷ್ಟು ಅಂತ ಕೇಳುತ್ತಾರೆ. ಅದರ ಜೊತೆಗೆ ಬ್ರೇಕ್ ಯಾವಾಗ ಬಿಚ್ಚಿ ನೋಡಿಸಿದ್ರಿ ಅಂತಲೂ ಒಂದು ಮಾತು ಕೇಳಲಿ. ಮಳೆ ಮುಗಿದ ಮೇಲೆ ನೋಡಿಸಿದವರು ತಿಂಗಳು, ತಾರೀಕು ಸಮೇತ ಹೇಳುತ್ತಾರೆ. ಉತ್ತರ ಸಿಗದಿದ್ದರೆ ಬೇರೆ ಗಾಡಿ ನೋಡಿ.